ಕಾರಿನ ಕಟಕಟ: ಸದ್ದಿನ ಮೂಲವನ್ನು ಹಿಡಿದು ನಿಲ್ಲಿಸುವ ಕ್ರಮ

ಕನ್ನಡದಲ್ಲಿ ಸದ್ದಿಗೆ ಹೆಸರಿಡುವುದು ಸುಲಭ. ಝಣಝಣ ಎಂದರೆ ತೆಳ್ಳನೆಯ ತಗಡು, ಲೊಡಲೊಡ ಎಂದರೆ ಟೊಳ್ಳು ಜಾಗದಲ್ಲಿ ಸಡಿಲವಾಗಿ ಬಿದ್ದಿರುವ ವಸ್ತು, ಕಟಕಟ ಎಂದರೆ ಕೂದಲೆಳೆಯಷ್ಟು ಸಂದಿಯಲ್ಲಿ ಒಂದಕ್ಕೊಂದು ತಾಗುವ ಎರಡು ಗಟ್ಟಿ ವಸ್ತುಗಳು, ದಡಕ್ ಎಂದರೆ ನಡುವಿನ ರಬ್ಬರು ಸವೆದು ಲೋಹಕ್ಕೆ ಲೋಹ ಬಡಿಯುವುದು, ಕಿರ್‌ಕಿರ್ ಎಂದರೆ ಉಜ್ಜಾಟ. ಕಾರಿನಲ್ಲಿ ಸದ್ದು ಶುರುವಾದಾಗ ಗ್ಯಾರೇಜಿಗೆ ಹೋಗಿ “ಏನೋ ಸೌಂಡ್ ಬರ್ತಿದೆ, ಸ್ವಲ್ಪ ನೋಡಿ” ಎನ್ನುವುದಕ್ಕಿಂತ ಮೊದಲು ಈ ಪದಗಳಲ್ಲಿ ಯಾವುದು ನಿಮ್ಮ ಸದ್ದಿಗೆ ಹೊಂದುತ್ತದೆ ಎಂದು ತೀರ್ಮಾನಿಸಿಕೊಂಡರೆ ಹುಡುಕಾಟದ ಅರ್ಧ ಕ್ಷೇತ್ರ ತಾನಾಗಿಯೇ ಕಡಿಮೆಯಾಗುತ್ತದೆ.

ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ತಪ್ಪಾಗಿ ಕೇಳಿಕೊಳ್ಳುತ್ತಾರೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಟ್ಟು ಕೂರುತ್ತಾರೆ. ಕಾರಿನೊಳಗೆ ಕಿವಿ ಅಷ್ಟೇನೂ ನಂಬಿಕೆಗೆ ಅರ್ಹವಲ್ಲ. ಸುತ್ತಲೂ ಗಾಜಿರುವುದರಿಂದ ಸದ್ದು ನಾಲ್ಕು ಕಡೆಯಿಂದ ಪುಟಿದು ಬರುತ್ತದೆ, ಉಕ್ಕಿನ ಬಾಡಿಯಂತೂ ಅದನ್ನು ಹುಟ್ಟಿದ ಜಾಗದಿಂದ ಒಂದೆರಡು ಮೀಟರ್ ದೂರ ಸಾಗಿಸಿ ಇನ್ನೆಲ್ಲೋ ಹೊರಹಾಕುತ್ತದೆ. ಮುಂದಿನ ಎಡಚಕ್ರದ ಬಳಿ ಹುಟ್ಟಿದ ಬಡಿತ ಗ್ಲೋವ್ ಬಾಕ್ಸಿನೊಳಗಿಂದ ಬಂದಂತೆಯೂ, ಡಿಕ್ಕಿಯ ಸದ್ದು ಹಿಂದಿನ ಸೀಟಿನ ಒರಗಿನಿಂದ ಬಂದಂತೆಯೂ ಕೇಳುವುದು ತೀರ ಸಾಮಾನ್ಯ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು, ಸದ್ದು ಯಾವಾಗ ಬರುತ್ತದೆ ಎಂದು. ಕಾರು ನಿಂತಿದ್ದಾಗಲೂ ಇದೆಯೇ, ಓಡುವಾಗ ಮಾತ್ರವೇ? ಹಂಪ್ ದಾಟುವಾಗಲೋ, ನುಣುಪಾದ ಹೆದ್ದಾರಿಯಲ್ಲೋ? ಬ್ರೇಕ್ ಒತ್ತಿದಾಗ ನಿಲ್ಲುತ್ತದೆಯೇ, ಎ.ಸಿ. ಹಾಕಿದಾಗ ಹುಟ್ಟುತ್ತದೆಯೇ, ಬೆಳಗಿನ ತಂಪಿನಲ್ಲಿ ಇದ್ದು ಮಧ್ಯಾಹ್ನದ ಬಿಸಿಲಿಗೆ ಮಾಯವಾಗುತ್ತದೆಯೇ, ಹಿಂದೆ ಇಬ್ಬರು ಕೂತರೆ ಬದಲಾಗುತ್ತದೆಯೇ? ಮೂರು ನಾಲ್ಕು ದಿನ ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವುದೂ ಒಳ್ಳೆಯದು, ಏಕೆಂದರೆ ಮೆಕ್ಯಾನಿಕ್ ಎದುರು ನಿಂತ ಕ್ಷಣದಲ್ಲಿ ಕಾರು ಸಾಧು ಹಸುವಿನಂತೆ ಮೌನವಾಗುವುದುಂಟು.

ಮೂರನೆಯ ಪ್ರಶ್ನೆಯನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನನ್ನ ಏಳು ವರ್ಷದ ಹ್ಯಾಚ್‌ಬ್ಯಾಕ್ ಕಾರಿನ ಎಡ ಮುಂಭಾಗದಲ್ಲಿ ಸಣ್ಣ ಗುಂಡಿಗೆ ಇಳಿದಾಗಲೆಲ್ಲ ಕಟಕ್ ಎಂಬ ಸದ್ದು ಬರತೊಡಗಿತ್ತು. ಒಂದು ಗ್ಯಾರೇಜಿನಲ್ಲಿ ಮುಂಚಕ್ರಗಳ ಸಸ್ಪೆನ್ಷನ್ನಿನ ಸಣ್ಣ ಕಡ್ಡಿಗಳಾದ ಎರಡೂ ಲಿಂಕ್ ರಾಡ್ ಬದಲಿಸಿದರು, ಸದ್ದು ಹೋಗಲಿಲ್ಲ. ಮುಂದಿನ ವಾರ, ಶಾಕ್ ಅಬ್ಸಾರ್ಬರನ್ನು ಮೇಲ್ತುದಿಯಲ್ಲಿ ಹಿಡಿದಿಡುವ ಸ್ಟ್ರಟ್ ಮೌಂಟ್ ಬದಲಿಸಬೇಕು ಎಂದರು. ಅದಕ್ಕೆ ದಿನ ಗೊತ್ತುಮಾಡಿಕೊಂಡು ಬರುವಾಗ ದಾರಿಯಲ್ಲಿ ಹಾರ್ನ್ ರಿಪೇರಿಗೆಂದು ಕಾರು ನಿಲ್ಲಿಸಿದಾಗ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಸದ್ದಿನ ವರ್ಣನೆ ಕೇಳಿ, “ಸರ್, ಬ್ಯಾಟರಿ ಯಾವಾಗ ಹಾಕಿಸಿದ್ರಿ?” ಎಂದಷ್ಟೇ ಕೇಳಿದರು. ಹಾಕಿಸಿ ಒಂದೂವರೆ ತಿಂಗಳಾಗಿತ್ತು. ಸದ್ದು ಶುರುವಾಗಿಯೂ ಸರಿಸುಮಾರು ಅಷ್ಟೇ ಆಗಿತ್ತು. ಬಾನೆಟ್ ಎತ್ತಿ ಬ್ಯಾಟರಿಯನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿದಾಗ ಅದು ತನ್ನ ತಟ್ಟೆಯ ಮೇಲೆ ಅರ್ಧ ಬೆರಳಿನಷ್ಟು ಜರುಗಿ ಕಟಕ್ ಎಂದಿತು. ಅದನ್ನು ಹಿಡಿದಿಡುವ ಪಟ್ಟಿಯ ಉದ್ದನೆಯ ಕೊಕ್ಕೆಬೋಲ್ಟು ಕೆಳಗಿನ ತೂತಿಗೆ ಸಿಕ್ಕಿಕೊಂಡಿರಲೇ ಇಲ್ಲ, ಪಕ್ಕದಲ್ಲಿ ಸುಮ್ಮನೆ ತೂಗಾಡುತ್ತಿತ್ತು. ಕೊಕ್ಕೆ ಸಿಕ್ಕಿಸಿ ಹತ್ತರ ಸ್ಪ್ಯಾನರಿನಲ್ಲಿ ನಟ್ಟನ್ನು ಏಳೆಂಟು ಸುತ್ತು ತಿರುಗಿಸಿದ್ದೇ ರಿಪೇರಿ. ಅಂದಿನಿಂದ ಯಾವ ಸದ್ದಿಗೂ ನಾನು ಮೊದಲು ಹುಡುಕುವುದು, ಸದ್ದು ಶುರುವಾಗುವ ಮುನ್ನ ಕಾರನ್ನು ಕೊನೆಯದಾಗಿ ಮುಟ್ಟಿದವರು ಯಾರು ಮತ್ತು ಎಲ್ಲಿ ಎಂಬುದನ್ನು. ಸರ್ವೀಸ್ ಆಗಿದ್ದರೆ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳು, ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವಚ ಮತ್ತು ಬಾನೆಟ್ಟಿನ ಊರುಗೋಲು ಕಡ್ಡಿ. ಪಂಕ್ಚರ್ ಹಾಕಿಸಿದ್ದರೆ ಚಕ್ರದ ನಟ್ಟುಗಳು, ಜಾಕ್ ಮತ್ತು ಸ್ಟೆಪ್ನಿ. ಮ್ಯೂಸಿಕ್ ಸಿಸ್ಟಮ್ ಅಥವಾ ಹಿಂಬದಿ ಕ್ಯಾಮೆರಾ ಹಾಕಿಸಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟದೆ ಬಿಟ್ಟ ವೈರಿನ ಗಂಟುಗಳು.

ಸ್ಪ್ಯಾನರ್ ಹಿಡಿಯುವ ಮುನ್ನ

ಕಾರನ್ನು ಪೂರ್ತಿ ಖಾಲಿ ಮಾಡುವುದು ಮೊದಲ ಕೆಲಸ, ಮತ್ತು ಹೆಚ್ಚಿನವರು ಅರೆಬರೆ ಮಾಡುವ ಕೆಲಸ. ಗ್ಲೋವ್ ಬಾಕ್ಸ್, ಬಾಗಿಲಿನ ಜೇಬುಗಳು, ಸೀಟಿನ ಹಿಂದಿನ ಚೀಲ, ಕನ್ನಡಕ ಇಡುವ ಗೂಡು, ಗೇರ್ ಪಕ್ಕದ ತಟ್ಟೆ, ಇವೆಲ್ಲವನ್ನೂ ಬರಿದು ಮಾಡಬೇಕು. ಫಾಸ್ಟ್ಯಾಗ್ ಬಂದು ವರ್ಷಗಳಾದರೂ ಟೋಲಿಗೆಂದು ಕೂಡಿಟ್ಟ ಚಿಲ್ಲರೆ ಎಷ್ಟೋ ಕಾರುಗಳಲ್ಲಿ ಇನ್ನೂ ಕುಣಿಯುತ್ತಿದೆ. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಗಣಪತಿಯ ಕೆಳಗಿನ ಅಂಟು ಬಿಸಿಲಿಗೆ ಬಿಟ್ಟುಕೊಂಡಿದ್ದರೆ ಆ ವಿಗ್ರಹವೂ ಇಂಜಿನ್ ಜೊತೆ ನಡುಗುತ್ತದೆ. ಸೀಟುಗಳನ್ನು ಪೂರ್ತಿ ಹಿಂದಕ್ಕೂ ಪೂರ್ತಿ ಮುಂದಕ್ಕೂ ಸರಿಸಿ ಕೆಳಗಿನ ಹಳಿಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಪೆನ್ನು, ನೀರಿನ ಬಾಟಲಿಯ ಮುಚ್ಚಳ, ಮಕ್ಕಳ ಗೋಲಿ ಸಿಗುವುದು ಅಲ್ಲಿಯೇ. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿಯ ನಡುವಿನ ರೆಕ್ಕೆನಟ್ಟು ಬಿಗಿಯಾಗಿದೆಯೇ, ಜಾಕ್ ತನ್ನ ಗೂಡಿನಲ್ಲಿ ಕಚ್ಚಿ ಕುಳಿತಿದೆಯೇ, ವೀಲ್ ಸ್ಪ್ಯಾನರ್ ಬಟ್ಟೆಯ ಚೀಲದೊಳಗಿದೆಯೇ ಎಂದು ನೋಡಿ. ಪರೀಕ್ಷೆಯ ದಿನಗಳಲ್ಲಿ ಜಾಕ್ ಮತ್ತು ಉಪಕರಣಗಳನ್ನು ಮನೆಯಲ್ಲೇ ಇಟ್ಟುಬಿಡುವುದು ಲೇಸು.

ಆಮೇಲೆ ಟೈರಿನ ಗಾಳಿ. ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ 30 ಅಥವಾ 33 ಪಿಎಸ್ಐ ಎಂದಿದ್ದರೂ ಗಾಳಿ ಹಾಕುವವರು ಕೈಬೀಸಿ 40 ತುಂಬಿಬಿಡುತ್ತಾರೆ. ಆಗ ಟೈರು ಕಲ್ಲಿನಂತಾಗಿ ರಸ್ತೆಯ ಪ್ರತಿಯೊಂದು ಹರಳನ್ನೂ ಕಾರಿನ ಮೈಗೆ ದಾಟಿಸುತ್ತದೆ. ನಿನ್ನೆಯವರೆಗೆ ಸುಮ್ಮನಿದ್ದ ಹತ್ತು ಜಾಗಗಳು ಒಮ್ಮೆಲೇ ಮಾತಾಡತೊಡಗುತ್ತವೆ. ಕಾರು ರಾತ್ರಿಯಿಡೀ ನಿಂತು ಟೈರು ತಣ್ಣಗಿರುವಾಗ ಅಳೆದು ಚೀಟಿಯಲ್ಲಿರುವಷ್ಟಕ್ಕೆ ಇಳಿಸಿದ ಮೇಲೆಯೇ ಮುಂದಿನ ಪರೀಕ್ಷೆಗಳಿಗೆ ಅರ್ಥ.

ಚಕ್ರದ ನಟ್ಟುಗಳ ಬಿಗಿತವನ್ನೂ ಇದೇ ಹಂತದಲ್ಲಿ ನೋಡಬೇಕು, ಏಕೆಂದರೆ ಇದು ಕಿರಿಕಿರಿಯ ವಿಷಯವಲ್ಲ, ಜೀವದ ವಿಷಯ. ಟೈರು ಬಿಚ್ಚಿ ಹಾಕಿದ ಮೇಲೆ ಹುಟ್ಟಿ, ವೇಗದೊಂದಿಗೆ ಹೆಚ್ಚುವ ಗಡಗಡ ಸದ್ದು ಕೇಳಿದರೆ ಮನೆಯವರೆಗೆ ಹೋಗಿ ನೋಡೋಣ ಎನ್ನದೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಪ್ರತಿ ನಟ್ಟನ್ನೂ ಪರೀಕ್ಷಿಸಬೇಕು. ಸಣ್ಣ ಕಾರುಗಳಲ್ಲಿ ಈ ಬಿಗಿತ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್‌ನಷ್ಟಿರುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಕೈಪಿಡಿಯಲ್ಲಿರುತ್ತದೆ.

ನಿಂತ ಕಾರಿನ ಪರೀಕ್ಷೆ

ಬಯಲಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಚಾಲೂ ಮಾಡಿ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಇದನ್ನು ಎಂದೂ ಮಾಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಸುಮ್ಮನೆ ತಿರುಗುವಾಗ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸಿಡಿತ, ಅಂದರೆ ಸೆಕೆಂಡಿಗೆ ಸುಮಾರು 27 ಬಾರಿ ಇಡೀ ಕಾರಿಗೆ ಒಂದು ತಳ್ಳು ಬೀಳುತ್ತದೆ. ಮೂರು ಸಿಲಿಂಡರಿನದಾದರೆ ಸೆಕೆಂಡಿಗೆ 20 ಬಾರಿ, ಆದರೆ ನಡುಕ ಹೆಚ್ಚು ಒರಟು. ಆಲ್ಟೊ ಕೆ10, ಟಿಯಾಗೊ, ಕ್ವಿಡ್‌ಗಳಲ್ಲಿರುವುದು ಮೂರು ಸಿಲಿಂಡರು, 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನಲ್ಲಿಯೂ ಅಷ್ಟೇ. ನಾಲ್ಕು ಸಿಲಿಂಡರಿನ ಕಾರಿನಿಂದ ಇವುಗಳಿಗೆ ಬಂದವರು ಸಿಗ್ನಲ್ಲಿನಲ್ಲಿ ನಿಂತಾಗಿನ ಸಹಜ ನಡುಕವನ್ನೇ ದೋಷವೆಂದು ತಿಳಿಯುವುದುಂಟು. ಪ್ರತಿಯೊಂದು ತಗಡಿಗೂ ಕೊಳವೆಗೂ ತನಗೆ ಒಗ್ಗುವ ಒಂದು ಕಂಪನವಿರುತ್ತದೆ. ಆಕ್ಸಿಲರೇಟರನ್ನು ಬಹಳ ನಿಧಾನವಾಗಿ ಒತ್ತುತ್ತ 800ರಿಂದ 3000ದವರೆಗೆ ಏರಿಸಿದರೆ, ಉದಾಹರಣೆಗೆ 1700ರ ಹತ್ತಿರ ಝಣಝಣ ಎಂದು ಎದ್ದು 2000 ದಾಟಿದ ಕೂಡಲೇ ಅಡಗುವ ಸದ್ದು ಸಿಕ್ಕಿತೆಂದರೆ ಅದು ತಗಡಿನದೇ ಎನ್ನಬಹುದು. ಎ.ಸಿ. ಹಾಕಿ ಮತ್ತು ಆರಿಸಿಯೂ ಒಮ್ಮೆ ನೋಡಿ. ಕಂಪ್ರೆಸರಿನ ಭಾರ ಬಿದ್ದಾಗ ಇಂಜಿನ್ನಿನ ಲಯ ಬದಲಾಗಿ ಸದ್ದು ತೋರಿಸಿಕೊಳ್ಳುತ್ತದೆ.

ಇಂಥ ಝಣಝಣಕ್ಕೆ ಬಹುತೇಕ ಕಾರಣವಾಗುವುದು ಸೈಲೆನ್ಸರ್ ಕೊಳವೆಯ ಮೇಲೆ ಹೊದಿಸಿರುವ ಹೀಟ್ ಶೀಲ್ಡ್. ಕೊಳವೆಯ ಬಿಸಿ ನೆಲಹಾಸಿಗೆ ತಾಗದಂತೆ ತಡೆಯುವ ಈ ತೆಳು ತಗಡನ್ನು ಸಣ್ಣ ಬೋಲ್ಟುಗಳಲ್ಲಿ ಬಿಗಿದಿರುತ್ತಾರೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಬೋಲ್ಟಿನ ಸುತ್ತಲಿನ ತಗಡು ತುಕ್ಕು ತಿಂದು ತೂತು ದೊಡ್ಡದಾಗುತ್ತದೆ, ಬೋಲ್ಟು ಬಿಗಿಯಾಗಿಯೇ ಇದ್ದರೂ ತಗಡು ಅದರ ತಲೆಯ ಕೆಳಗೆ ಅಲ್ಲಾಡತೊಡಗುತ್ತದೆ. ಇಂಜಿನ್ ಆರಿಸಿ, ಕನಿಷ್ಠ ಎರಡು ಗಂಟೆ ಆರಲು ಬಿಟ್ಟು, ಕೈಗೆ ದಪ್ಪ ಗವಸು ಹಾಕಿಕೊಂಡು ಕೊಳವೆಯನ್ನೂ ಶೀಲ್ಡನ್ನೂ ಮುಷ್ಟಿಯಿಂದ ಮೆಲ್ಲಗೆ ಕುಟ್ಟಿದರೆ ರಸ್ತೆಯಲ್ಲಿ ಕೇಳಿದ ಅದೇ ಸ್ವರ ಮರಳಿ ಕೇಳುತ್ತದೆ. ತೂತು ಸ್ವಲ್ಪವೇ ಹಿಗ್ಗಿದ್ದರೆ ಅಗಲವಾದ ಸ್ಟೀಲ್ ವಾಷರ್ ಹಾಕಿ ಮತ್ತೆ ಬಿಗಿಯಬಹುದು. ತಗಡು ಹರಿದೇ ಹೋಗಿದ್ದರೆ ಅದನ್ನು ಕಿತ್ತು ಬಿಸಾಡದೆ, ದೊಡ್ಡ ಅಳತೆಯ ಸ್ಟೇನ್‌ಲೆಸ್ ಹೋಸ್ ಕ್ಲಿಪ್ಪನ್ನು ಕೊಳವೆ ಮತ್ತು ಶೀಲ್ಡ್ ಎರಡನ್ನೂ ಸುತ್ತಿ ಬರುವಂತೆ ಹಾಕಿ ಸ್ಕ್ರೂಡ್ರೈವರಿನಿಂದ ಬಿಗಿದರೆ ವರ್ಷಗಟ್ಟಲೆ ಬಾಳುತ್ತದೆ. ಒಂದೇ ಸಾಲದಿದ್ದರೆ ಎರಡು ಕ್ಲಿಪ್ಪುಗಳನ್ನು ತಿರುಪಿನಿಂದ ತಿರುಪಿಗೆ ಜೋಡಿಸಿ ಉದ್ದ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯ ಈ ಸಣ್ಣ ಸಾಮಾನಿನಿಂದ ಮುಗಿಯುವ ಕೆಲಸಕ್ಕೆ ಇಡೀ ಸೈಲೆನ್ಸರ್ ಬದಲಿಸಿಕೊಂಡವರನ್ನು ನಾನು ಬಲ್ಲೆ.

ಅದೇ ಹೊತ್ತಿನಲ್ಲಿ ಸೈಲೆನ್ಸರನ್ನು ತೂಗುಹಾಕಿರುವ ರಬ್ಬರ್ ಬಳೆಗಳನ್ನು ನೋಡಿ. ಒಂದು ಹರಿದಿದ್ದರೆ ಕೊಳವೆ ಜೋತುಬಿದ್ದು ಹಂಪ್ ದಾಟುವಾಗ ಕಾರಿನ ಮೈಗೆ ಬಡಿಯುತ್ತದೆ. ಕೊಳವೆಯ ಮುಂಭಾಗದ ಉಬ್ಬಿದ ಡಬ್ಬಿ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗೆ ಕಲ್ಲು ಕುಲುಕಿದಂತೆ ಕೇಳಿತೆಂದರೆ ಒಳಗಿನ ಪಿಂಗಾಣಿ ಜೇನುಗೂಡು ಒಡೆದಿದೆ, ಅದಕ್ಕೆ ಮನೆಮದ್ದಿಲ್ಲ.

ನಂಬರ್ ಪ್ಲೇಟನ್ನು ಮರೆಯಬೇಡಿ. 2019ರ ಏಪ್ರಿಲ್ 1ರ ನಂತರದ ಹೊಸ ವಾಹನಗಳಿಗೆ ಕಡ್ಡಾಯವಾಗಿ, ಹಳೆಯವುಗಳಿಗೆ ಆಮೇಲಿನ ವರ್ಷಗಳಲ್ಲಿ ಬಂದ ಅತಿ ಸುರಕ್ಷಿತ ಫಲಕಗಳು ಅಲ್ಯೂಮಿನಿಯಮ್ಮಿನವು. ಅವುಗಳ ಒಮ್ಮೆ ಹಾಕಿದರೆ ತೆಗೆಯಲಾಗದ ಲಾಕುಗಳು ಪ್ಲೇಟನ್ನು ಎರಡೇ ಕಡೆ ಹಿಡಿದಿರುವುದರಿಂದ ಡಿಕ್ಕಿ ಮುಚ್ಚಿದಾಗ ಮೂಲೆಗಳು ಚಟ್ ಎನ್ನುತ್ತವೆ. ಲಾಕಿಗೆ ಕೈಹಾಕದೆ ಒಂದು ಬದಿಗೆ ಅಂಟು ಇರುವ ಫೋಮ್ ಪಟ್ಟಿಯ ತುಣುಕುಗಳನ್ನು ಪ್ಲೇಟಿನ ಹಿಂದೆ ನಾಲ್ಕು ಮೂಲೆಗೆ ತೂರಿಸಿದರೆ ಸಾಕು.

ರಸ್ತೆಯ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು. ಓಡಿಸುವವರು ಓಡಿಸಬೇಕು, ಕಿವಿಗೊಡುವವರು ಮೊದಲು ಮುಂದೆ, ಆಮೇಲೆ ಹಿಂದೆ ಕೂತು ಕೇಳಬೇಕು. ಒಬ್ಬರೇ ಎರಡನ್ನೂ ಮಾಡಹೊರಟರೆ ಕಣ್ಣು ರಸ್ತೆಯ ಮೇಲಿರುವುದಿಲ್ಲ.

ಸದ್ದಿನ ಸಂಬಂಧ ಇಂಜಿನ್ನಿನ ಜೊತೆಗೋ ಚಕ್ರಗಳ ಜೊತೆಗೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಕೈಗೇರಿನ ಕಾರಾದರೆ, ಮುಂದೆ ಹಿಂದೆ ಯಾರೂ ಇಲ್ಲದ ಸಮತಟ್ಟು ರಸ್ತೆಯಲ್ಲಿ 40 ಕಿಲೊಮೀಟರ್ ವೇಗದಲ್ಲಿ ಸದ್ದು ಕೇಳುತ್ತಿರುವಾಗಲೇ ಕ್ಲಚ್ ಒತ್ತಿ ಕ್ಷಣಕಾಲ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ತಗ್ಗಿದ ಕೂಡಲೇ ಸದ್ದೂ ತಗ್ಗಿದರೆ ಕಾರಣ ಇಂಜಿನ್, ಅದನ್ನು ಹಿಡಿದಿಡುವ ಮೌಂಟುಗಳು ಅಥವಾ ಸೈಲೆನ್ಸರ್. ಕಾರಿನ ವೇಗದೊಂದಿಗೇ ಸದ್ದು ಮುಂದುವರಿದರೆ ಚಕ್ರ, ಬ್ರೇಕ್ ಅಥವಾ ಸಸ್ಪೆನ್ಷನ್. ಕೀಲಿ ತಿರುಗಿಸಿ ಇಂಜಿನ್ನನ್ನೇ ಆರಿಸುವ ಸಾಹಸ ಮಾತ್ರ ಬೇಡ. ಸ್ಟಿಯರಿಂಗ್ ಮತ್ತು ಬ್ರೇಕಿನ ನೆರವು ತಪ್ಪುತ್ತದೆ, ಕೀಲಿ ಹೆಚ್ಚು ತಿರುಗಿದರೆ ಸ್ಟಿಯರಿಂಗೇ ಲಾಕ್ ಆದೀತು.

ಒರಟು ರಸ್ತೆಯಲ್ಲಿ ಕಟಕಟ ಎನ್ನುವಾಗ ಬ್ರೇಕ್ ಪೆಡಲಿನ ಮೇಲೆ ಕಾಲಿನ ಭಾರ ಮಾತ್ರ ಬೀಳುವಷ್ಟು ಮೆಲ್ಲಗೆ ಒತ್ತಿ. ಸದ್ದು ಥಟ್ಟನೆ ನಿಂತರೆ ಬ್ರೇಕ್ ಪ್ಯಾಡುಗಳನ್ನು ಹಿಡಿದಿಡುವ ಸ್ಟೀಲ್ ಕ್ಲಿಪ್ಪುಗಳು ಸಡಿಲವಾಗಿವೆ, ಇಲ್ಲವೇ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಸವೆದಿವೆ. ಪ್ಯಾಡ್ ಬದಲಿಸುವಾಗ ಹಳೆಯ ಕ್ಲಿಪ್ಪನ್ನೇ ಮತ್ತೆ ಹಾಕುವುದು, ಅಥವಾ ಹಾಕುವುದನ್ನೇ ಮರೆಯುವುದು ಇದಕ್ಕೆ ಸಾಮಾನ್ಯ ಕಾರಣ. ಜಲ್ಲಿ ರಸ್ತೆಯಿಂದ ಬಂದ ಮೇಲೆ ಚಕ್ರದಿಂದ ಕಿವಿ ಕೊರೆಯುವ ಕರ್ರೆಂಬ ಸದ್ದು ಹೊರಟರೆ ಗಾಬರಿ ಬೇಡ. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ಧೂಳುತಡೆ ತಗಡಿಗೂ ನಡುವೆ ಹರಳು ಸಿಕ್ಕಿರುತ್ತದೆ, ನಾಲ್ಕಾರು ಬಾರಿ ಹಿಂದೆ ಮುಂದೆ ಓಡಿಸಿದರೆ ಹೆಚ್ಚಿನ ವೇಳೆ ಅದೇ ಉದುರುತ್ತದೆ.

ಇನ್ನು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಮೆತ್ತನೆಯ ದಿಬ್ಬ. ನಮ್ಮ ಬೀದಿಗಳಲ್ಲಿ ಊರಿನವರೇ ಎಬ್ಬಿಸಿದ ಅರ್ಧಮೀಟರ್ ಅಗಲದ ಗೋಡೆಗಳು ಪ್ರಯಾಣಕ್ಕೆ ಶಾಪವಾದರೂ ಈ ಪರೀಕ್ಷೆಗೆ ವರವೇ ಸರಿ. ಎರಡೂ ಮುಂಚಕ್ರಗಳು ಏಕಕಾಲಕ್ಕೆ ಹತ್ತುವಂತೆ ನೇರವಾಗಿ, ನಡಿಗೆಯ ವೇಗದಲ್ಲಿ ಒಮ್ಮೆ ದಾಟಿ. ಆಮೇಲೆ ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ ಹತ್ತುವಂತೆ ಓರೆಯಾಗಿ ದಾಟಿ. ನೇರ ದಾಟುವಾಗ ಸುಮ್ಮನಿದ್ದು ಓರೆಯಲ್ಲಿ ಮಾತ್ರ ಕಟಕಟ ಎಂದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬುಷ್ ಎಂಬ ರಬ್ಬರ್ ಬಳೆಯ ಮೇಲೆ ಸಂಶಯ ಪಡಬೇಕು. ಎಡಬಲದ ಚಕ್ರಗಳನ್ನು ಈ ಲಿಂಕ್ ರಾಡುಗಳ ಮೂಲಕ ಜೋಡಿಸುವ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದು ಎರಡು ಚಕ್ರಗಳ ಎತ್ತರ ಬೇರೆಯಾದಾಗ ಮಾತ್ರ. ಎರಡೂ ಒಟ್ಟಿಗೆ ಎದ್ದರೆ ಅದಕ್ಕೆ ಕೆಲಸವೇ ಇಲ್ಲ. ನೇರ ದಾಟುವಾಗಲೂ ದಡಕ್ ಎಂದರೆ ಶಾಕ್ ಅಬ್ಸಾರ್ಬರ್, ಅದರ ಮೇಲಿನ ಮೌಂಟ್ ಅಥವಾ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬುಷ್. ಇಳಿಯುವಾಗ ಬ್ರೇಕ್ ಹಾಕಿದ ಕ್ಷಣದಲ್ಲಿ ಒಂದೇ ಒಂದು ಭಾರವಾದ ಬಡಿತ ಬಂದರೆ ಲೋವರ್ ಆರ್ಮ್ ಬುಷ್ ಕಡೆಗೆ ಬೆರಳು ಮಾಡಬಹುದು.

ಉಳಿದದ್ದು ತಿರುವು. ನಿಂತಲ್ಲೇ ಸ್ಟಿಯರಿಂಗನ್ನು ಪೂರ್ತಿ ತಿರುಗಿಸುವಾಗ ಸ್ಪ್ರಿಂಗ್ ಟಣ್ ಎಂದು ಜಿಗಿದರೆ ಸ್ಟ್ರಟ್ ಮೇಲಿನ ಬೇರಿಂಗ್ ಕಚ್ಚುತ್ತಿದೆ. ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ ಸಾಗುವಾಗ ಕಟ್ ಕಟ್ ಕಟ್ ಎಂದು ಚಕ್ರದ ಲಯದಲ್ಲೇ ಎಣಿಸುವಂತೆ ಕೇಳಿದರೆ ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಹೊರತುದಿಯ ಸಿ.ವಿ. ಜಾಯಿಂಟ್ ಎಂಬ ಕೀಲು.

ಕಾರಿನ ಕೆಳಗೆ

ಜಾಕ್ ಒಂದರ ಮೇಲೆ ನಿಂತ ಕಾರಿನ ಕೆಳಗೆ ತಲೆಯಿರಲಿ, ಕೈಯನ್ನೂ ಉದ್ದಕ್ಕೆ ಚಾಚಬಾರದು. ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್ ಕೊಟ್ಟು, ಹಿಂಚಕ್ರಗಳಿಗೆ ಕಲ್ಲು ಒತ್ತಿದ ಮೇಲೆಯೇ ಕೆಲಸ. ಅದಿಲ್ಲದವರು ಪರಿಚಯದ ಗ್ಯಾರೇಜಿನ ರ‍್ಯಾಂಪ್ ಅಥವಾ ಗುಂಡಿಯ ಮೇಲೆ ಹತ್ತು ನಿಮಿಷ ಕೇಳಿ ಪಡೆಯುವುದು ಒಳ್ಳೆಯದು. ಎತ್ತಿದ ಚಕ್ರವನ್ನು ಮೇಲೆ ಕೆಳಗೆ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಪ್ಲೇ, ಅಂದರೆ ಸಡಿಲದ ಅಲುಗಾಟ, ಸಿಕ್ಕರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಒಂಬತ್ತು ಮತ್ತು ಮೂರರ ಜಾಗದಲ್ಲಿ ಮಾತ್ರ ಸಿಕ್ಕರೆ ಸ್ಟಿಯರಿಂಗಿನ ಟೈ ರಾಡ್ ಎಂಡ್. ಈ ಮೂರರಲ್ಲಿ ಯಾವುದೇ ಆದರೂ ಸದ್ದಿನ ಚಿಂತೆ ಬಿಟ್ಟು ಮೊದಲು ರಿಪೇರಿ ಮಾಡಿಸಬೇಕು, ಊರಿಗೆ ಹೋಗಿಬಂದು ನೋಡೋಣ ಎನ್ನುವಂತಿಲ್ಲ.

ಲಿಂಕ್ ರಾಡ್ ಪರೀಕ್ಷೆಗೆ ಇದಕ್ಕಿಂತ ಸುಲಭದ ದಾರಿಯಿದೆ. ಚಕ್ರಗಳು ನೆಲದ ಮೇಲಿರುವಾಗಲೇ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಟೈರಿನ ಹಿಂದೆ, ಶಾಕ್ ಅಬ್ಸಾರ್ಬರಿನ ಪಕ್ಕದಲ್ಲಿ, ಪೆನ್ಸಿಲಿಗಿಂತ ತುಸು ದಪ್ಪನೆಯ ನೆಟ್ಟಗಿನ ಕಡ್ಡಿಯೊಂದು ಹಲವು ಕಾರುಗಳಲ್ಲಿ ಕಾಣುತ್ತದೆ. ಅದನ್ನು ಹಿಡಿದು ಬಿರುಸಾಗಿ ಅಲುಗಿಸಿ. ಅದರ ಗುಂಡುತಲೆ ತನ್ನ ಬಟ್ಟಲಿನಲ್ಲಿ ಬಿಗಿಯಾಗಿ ಹೊರಳಬೇಕೇ ಹೊರತು ಕಟ್ ಎಂದು ಬಡಿಯಬಾರದು. ರಬ್ಬರ್ ಟೊಪ್ಪಿಗೆ ಹರಿದು ಗ್ರೀಸ್ ಒಣಗಿದ್ದರೆ ಅದರ ಆಯುಷ್ಯ ಮುಗಿದಂತೆ. ಇನ್ನೂ ಸಂಶಯವಿದ್ದರೆ ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ, ಬಾರನ್ನು ಯಾವುದಕ್ಕೂ ತಾಗದಂತೆ ಕಟ್ಟಿ, ಬೀದಿಯೊಳಗೇ 20 ಕಿಲೊಮೀಟರ್ ವೇಗ ಮೀರದಂತೆ ಒಂದು ಸುತ್ತು ಬನ್ನಿ. ಸದ್ದು ಮಾಯವಾದರೆ ತೀರ್ಪು ಸಿಕ್ಕಂತೆ. ಬದಲಿಸುವಾಗ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ; ನಟ್ಟು ಬಿಚ್ಚುವಾಗ ಗುಂಡುತಲೆಯೂ ಜೊತೆಗೇ ತಿರುಗುವುದರಿಂದ ಬೋಲ್ಟಿನ ತುದಿಯನ್ನು ಆಲನ್ ಕೀಲಿಯಿಂದ ಹಿಡಿದುಕೊಂಡು ಸ್ಪ್ಯಾನರ್ ತಿರುಗಿಸಬೇಕು.

ಲೋವರ್ ಆರ್ಮ್ ಬುಷ್ ಬದಲಿಸಿದರೆ ಒಂದು ಸೂಕ್ಷ್ಮವನ್ನು ಮೆಕ್ಯಾನಿಕ್‌ಗೆ ನೀವೇ ನೆನಪಿಸಬೇಕಾಗಬಹುದು. ಚಕ್ರ ಜೋತಾಡುತ್ತಿರುವಾಗ ಬುಷ್ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ ಕಾರು ನೆಲಕ್ಕಿಳಿದ ಕೂಡಲೇ ಬುಷ್ಷಿನ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ ಮತ್ತು ಬೇಗ ಹರಿಯುತ್ತದೆ. ಮೊದಲು ಅರ್ಧ ಬಿಗಿದು, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕ ಕೊನೆಯ ಬಿಗಿತ ಕೊಡುವುದು ಸರಿಯಾದ ಕ್ರಮ. ಲೋವರ್ ಆರ್ಮ್, ಸ್ಟ್ರಟ್, ಟೈ ರಾಡ್ ಎಂಡ್ ಇವುಗಳಲ್ಲಿ ಯಾವುದನ್ನು ಬಿಚ್ಚಿದರೂ ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

ಒಳಾಂಗಣದ ಸದ್ದು

ಡ್ಯಾಶ್‌ಬೋರ್ಡು ಮತ್ತು ಬಾಗಿಲುಗಳ ಕಿರ್‌ಕಿರ್ ಅಪಾಯಕಾರಿಯಲ್ಲದಿದ್ದರೂ ತಾಳ್ಮೆ ಕೆಡಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಒಂದು ಮೀಟರ್ ಉದ್ದದ ಪಾಲಿಪ್ರೊಪಿಲೀನ್ ಪಟ್ಟಿ 30 ಡಿಗ್ರಿ ಬಿಸಿಯೇರಿದರೆ ಎರಡು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಹೊತ್ತಿರುವ ಉಕ್ಕಿನ ಚೌಕಟ್ಟು ಅರ್ಧ ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಈ ವ್ಯತ್ಯಾಸವೇ ಕ್ಲಿಪ್ಪುಗಳನ್ನು ದಿನವೂ ಎಳೆದಾಡಿ ಸಡಿಲಿಸುತ್ತದೆ, ಮತ್ತು ಹೊತ್ತಿಗೆ ತಕ್ಕಂತೆ ಸದ್ದು ಬಂದುಹೋಗುವುದಕ್ಕೂ ಅದೇ ಕಾರಣ.

ಇಲ್ಲಿ ಉಪಕರಣವೆಂದರೆ ಅಂಗೈ. ಪಕ್ಕದ ಸೀಟಿನಲ್ಲಿ ಕೂತವರು ಸದ್ದು ಬರುತ್ತಿರುವಾಗಲೇ ಡ್ಯಾಶ್‌ಬೋರ್ಡಿನ ಮೇಲ್ಭಾಗ, ಎ.ಸಿ. ಕಿಂಡಿಯ ಚೌಕಟ್ಟು, ಗ್ಲೋವ್ ಬಾಕ್ಸಿನ ಮುಚ್ಚಳ, ಸ್ಪೀಕರಿನ ಜಾಲರಿ ಹೀಗೆ ಒಂದೊಂದನ್ನೇ ಒತ್ತಿ ಹಿಡಿಯಬೇಕು. ಒತ್ತಿದಾಗ ನಿಂತು ಬಿಟ್ಟಾಗ ಮರಳಿದರೆ ಜಾಗ ಸಿಕ್ಕಿತು. ಅಲ್ಲೇ ಒಂದು ತುಂಡು ಕಾಗದದ ಟೇಪ್ ಅಂಟಿಸಿ ಗುರುತು ಮಾಡಿ. ಬಾಗಿಲಿನ ಗಾಜನ್ನು ಪೂರ್ತಿ ಮೇಲೆ, ಅರ್ಧ, ಪೂರ್ತಿ ಕೆಳಗೆ ಹೀಗೆ ಮೂರು ಸ್ಥಿತಿಯಲ್ಲಿಟ್ಟು ಕೇಳಿದರೆ ಗಾಜಿನ ಹಳಿಯದೋ ಬಾಗಿಲ ಒಳಬದಿಯ ಪ್ಲಾಸ್ಟಿಕ್ ಪ್ಯಾಡಿನದೋ ಎಂದು ತಿಳಿಯುತ್ತದೆ. ಬಾಗಿಲು ಕಚ್ಚಿಕೊಳ್ಳುವ ಕೊಂಡಿಗೆ ತಾತ್ಕಾಲಿಕವಾಗಿ ಎರಡು ಸುತ್ತು ಬಟ್ಟೆ ಟೇಪ್ ಸುತ್ತಿ ನೋಡುವುದೂ ಉಪಯುಕ್ತ. ಡಿಕ್ಕಿಯ ಬಾಗಿಲಿಗೆ ರಬ್ಬರ್ ಗುಬ್ಬಿಗಳಿರುತ್ತವೆ. ಹಲವು ಕಾರುಗಳಲ್ಲಿ ಇವನ್ನು ತಿರುಗಿಸಿದರೆ ಹೊರಬರುತ್ತವೆ, ಒಂದೆರಡು ಸುತ್ತು ಹೊರಗೆ ತಂದರೆ ಬಾಗಿಲು ಬಿಗಿಯಾಗಿ ಒರಗುತ್ತದೆ. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದಾಗ ಸೀಟ್ ಬೆಲ್ಟಿನ ಬಕಲ್ ಪ್ಲಾಸ್ಟಿಕ್ಕಿಗೆ ಬಡಿಯುವುದನ್ನು ಕಂಡುಹಿಡಿಯಲು ಬೆಲ್ಟನ್ನು ಸುಮ್ಮನೆ ಹಾಕಿಟ್ಟರೆ ಆಯಿತು.

ಚಿಕಿತ್ಸೆಗೆ ಬಟ್ಟೆಯ ವೈರಿಂಗ್ ಟೇಪ್, ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ತುಂಡುಗಳು ಮತ್ತು ಸಿಲಿಕೋನ್ ಗ್ರೀಸ್ ಸಾಕು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗುವಲ್ಲಿ ಫೆಲ್ಟ್, ಬಾಗಿಲಿನ ರಬ್ಬರ್ ಬೀಡಿಂಗ್ ಕಿರುಗುಟ್ಟುವಲ್ಲಿ ಒದ್ದೆಬಟ್ಟೆಯಿಂದ ಧೂಳು ಒರೆಸಿ ತೆಳುವಾಗಿ ಸಿಲಿಕೋನ್ ಗ್ರೀಸ್. ಇಂಜಿನ್ ಆಯಿಲ್ ಬಳಿಯುವ ಅಭ್ಯಾಸ ಕೆಟ್ಟದ್ದು, ಅದರಿಂದ ಬೀಡಿಂಗಿನ ರಬ್ಬರು ಊದಿಕೊಳ್ಳುತ್ತದೆ. ಸಂದಿಗೆ ಹತ್ತಿ, ಕಾಗದ, ಸ್ಪಂಜು ತುರುಕುವುದೂ ಬೇಡ. ನೀರು ಹೀರಿ ತುಕ್ಕಿಗೆ ಕಾರಣವಾಗುವುದಲ್ಲದೆ ಇಲಿಗಳಿಗೆ ಸಿದ್ಧ ಗೂಡಾಗುತ್ತದೆ. ಪ್ಯಾಡ್ ಬಿಚ್ಚಲೇಬೇಕಾದರೆ ಪ್ಲಾಸ್ಟಿಕ್ ಮೆತ್ತಗಿರುವ ಬಿಸಿಲಿನ ಹೊತ್ತಿನಲ್ಲಿ ಬಿಚ್ಚಿ, ಚಳಿಯ ಬೆಳಗಿನಲ್ಲಿ ಕ್ಲಿಪ್ಪುಗಳು ಮುರಿಯುತ್ತವೆ. ಬಾಗಿಲ ಪ್ಯಾಡಿನ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ, ಅದನ್ನು ಮತ್ತೆ ಸುತ್ತಲೂ ಅಂಟಿಸದಿದ್ದರೆ ಮಳೆಯ ನೀರು ಕಾಲಬುಡಕ್ಕೆ ಬರುತ್ತದೆ.

ಏರ್‌ಬ್ಯಾಗ್ ಇರುವಲ್ಲಿ ಬಿಚ್ಚುವ ಕೆಲಸಕ್ಕೆ ಕೈಹಾಕಬೇಡಿ. ಸ್ಟಿಯರಿಂಗಿನ ನಡುಭಾಗ, ಪಕ್ಕದ ಸೀಟಿನೆದುರಿನ ಡ್ಯಾಶ್‌ಬೋರ್ಡು, ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಮುಂಗಾಜಿನ ಎರಡು ಬದಿಯ ಕಂಬಗಳು ಮತ್ತು ಛಾವಣಿಯ ಅಂಚು, ಇವನ್ನು ಬಿಚ್ಚುವುದಾಗಲಿ ಒಳಗೆ ಫೋಮ್ ತುರುಕುವುದಾಗಲಿ ಕೂಡದು. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದನ್ನು ಕೀಳಬೇಡಿ. ವಾರಂಟಿಯೊಳಗಿನ ಕಾರಾದರೆ ಡ್ಯಾಶ್‌ಬೋರ್ಡಿನ ಕೆಲಸವನ್ನು ಪೂರ್ತಿ ಕಂಪನಿಯ ಸರ್ವೀಸ್ ಸೆಂಟರಿಗೇ ಬಿಡುವುದು ಜಾಣತನ.

ಗ್ಯಾರೇಜಿಗೆ ಹೋಗಲೇಬೇಕಾದಾಗ ಕೀಲಿ ಕೊಟ್ಟು ಮನೆಗೆ ಬರಬೇಡಿ. ನಿಮ್ಮ ಚೀಟಿಯಲ್ಲಿರುವ ರಸ್ತೆಯಲ್ಲಿ, ಅದೇ ವೇಗದಲ್ಲಿ ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿಸಿ. ಒಂದು ಬಾರಿಗೆ ಒಂದೇ ಭಾಗ ಬದಲಿಸಲು ಹೇಳಿ. ತೆಗೆದ ಹಳೆಯ ಭಾಗವನ್ನು ಕೈಗೆ ಪಡೆದು ನೀವೇ ಅಲುಗಿಸಿ ನೋಡಿ. ಪ್ಲೇ ಇಲ್ಲದ ಹಳೆಯ ಲಿಂಕ್ ರಾಡ್ ಕೈಗೆ ಬಂದರೆ ಹುಡುಕಾಟ ಇನ್ನೂ ಮುಗಿದಿಲ್ಲ ಎಂದು ಸದ್ದಿಗಾಗಿ ಕಾಯದೆಯೇ ತಿಳಿಯುತ್ತದೆ. ರಿಪೇರಿಯಾದ ಮೇಲೆ ಅದೇ ರಸ್ತೆಯಲ್ಲಿ ಖಾಲಿ ಕಾರಿನಲ್ಲಿ ಎರಡು ದಿನ ಓಡಿಸಿ, ಸದ್ದು ಇಲ್ಲವೆಂದು ಖಾತ್ರಿಯಾದ ಬಳಿಕ ಮನೆಯಲ್ಲಿಟ್ಟ ಸಾಮಾನನ್ನು ದಿನಕ್ಕೊಂದರಂತೆ ಕಾರಿಗೆ ಮರಳಿಸಿ. ಜಾಕ್ ಮತ್ತು ಸ್ಪ್ಯಾನರನ್ನು ಮಾತ್ರ ಮೊದಲ ದಿನವೇ, ಹಳೆಯ ಟವೆಲಿನಲ್ಲಿ ಬಿಗಿಯಾಗಿ ಸುತ್ತಿ ಇಡಿ.